ಹಾಸಿಗೆ ಇದ್ದಷ್ಟು ಕಾಲು ಚಾಚು: ಹಿಂದಿನ ಸೀಟಿನ ಚರಿತ್ರೆ



ಎಂಟನೇ ತರಗತಿಗೆ ಕ್ಷೇತ್ರಗಣಿತದ ಪಾಠ ನಡೆದಿತ್ತು. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಗುಣಿಸಿದರೆ ಅದರ ಘನಫಲ ಸಿಗುತ್ತದೆ ಎಂದು ಬೋರ್ಡಿನ ಮೇಲೆ ಬರೆದು ಈ ಕಡೆ ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವರಪ್ಪ ಬಾಡಿಗೆ ಕಾರು ಓಡಿಸುತ್ತಾರೆ.

"ಸಾ, ಹಂಗಾದ್ರೆ ಉದ್ದ ಇರೋ ಕಾರಲ್ಲಿ ಜಾಗ ಜಾಸ್ತಿ ಇರ್ಬೇಕಲ್ವಾ? ನಮ್ಮಪ್ಪನ ಹಳೇ ಕಾರು ಉದ್ದ ಇತ್ತು, ಈಗ ತಂದಿರೋದು ಗಿಡ್ಡ. ಆದ್ರೂ ಹಿಂದೆ ಕೂತೋರು ಇದ್ರಲ್ಲೇ ಕಾಲು ಆರಾಮಾಗಿ ಬಿಡ್ಬೋದು ಅಂತಾರೆ. ಅದ್ಹೆಂಗೆ ಸಾ?"

ತರಗತಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಪ್ರಶ್ನೆ ಸರಿಯಾಗಿಯೇ ಇತ್ತು, ಉತ್ತರ ಮಾತ್ರ ನನ್ನಲ್ಲಿ ಇರಲಿಲ್ಲ. "ನಾಳೆ ಹೇಳ್ತೀನಿ ಕೂತ್ಕೋ" ಎಂದೆ. ನಾಳೆ ಎಂಬುದು ಎರಡು ವಾರವಾಯಿತು. ಹುಡುಕುತ್ತಾ ಹೋದಂತೆ ಅದು ಬರೀ ಗಣಿತದ ಪ್ರಶ್ನೆಯಲ್ಲ, ಅದರ ಹಿಂದೆ ದೊಡ್ಡ ಚರಿತ್ರೆಯೇ ಇದೆ ಎಂದು ಗೊತ್ತಾಯಿತು. ಅದನ್ನು ನಿಮ್ಮೊಂದಿಗೂ ಹಂಚಿಕೊಳ್ಳೋಣ ಎಂದು ಈ ಲೇಖನ.

ನಮಗೇಕೆ ಈ ವಿಚಾರ?

ನಮ್ಮ ಗುಡಿಬಂಡೆ ಎಂದರೆ ಕರ್ನಾಟಕದ ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆ ಅಲ್ಲ. ಇದು ಮಡಕಶಿರಾ ಸೀಮೆಯದು, ಆಂಧ್ರಕ್ಕೆ ಸೇರಿದ್ದು. ಅನಂತಪುರ ಜಿಲ್ಲೆಯಲ್ಲಿದ್ದ ನಾವು 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂದೆವು. ರಾಯದುರ್ಗದವರು ಅನಂತಪುರದಲ್ಲೇ ಉಳಿದರು. ಆ ರಾಯದುರ್ಗವೂ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ನಕ್ಷೆ ತೆಗೆದು ನೋಡಿದರೆ ಮಡಕಶಿರಾ ಸೀಮೆ ಕರ್ನಾಟಕದ ಹೊಟ್ಟೆಯೊಳಗೆ ಚಾಚಿದ ನಾಲಿಗೆಯಂತೆ ಕಾಣುತ್ತದೆ. ಆಡಳಿತ ಒಂದು ಕಡೆ, ನೆಂಟಸ್ತಿಕೆ ಇನ್ನೊಂದು ಕಡೆ. ಕಾಯಿಲೆ ದೊಡ್ಡದಾದರೆ ಬೆಂಗಳೂರು, ಹೆಣ್ಣು ಗಂಡು ನೋಡಲು ಶಿರಾ, ಪಾವಗಡ, ತುಮಕೂರು. ಬಸ್ಸು ಎಲ್ಲ ವೇಳೆಗೂ ಸಿಗುವುದಿಲ್ಲ. ಹೀಗಾಗಿ ವರ್ಷಕ್ಕೆ ನಾಲ್ಕಾರು ಸಲವಾದರೂ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮೂರು ನಾಲ್ಕು ತಾಸು ಕೂರುವುದು ನಮಗೆಲ್ಲ ತಪ್ಪಿದ್ದಲ್ಲ.

ನಮ್ಮ ಅವ್ವನಿಗೆ ಮೊಣಕಾಲು ನೋವು. ಕೆಲವು ವರ್ಷಗಳ ಹಿಂದೆ ಅವಳನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಹಿಂದಿನ ಸೀಟಿನಲ್ಲಿ ಮೂವರು ಕೂತೆವು. ಇಬ್ಬರು ಕಿಟಕಿ ಪಕ್ಕ, ಅವ್ವ ಮಧ್ಯೆ. ವಯಸ್ಸಾದವಳು, ಎರಡು ಕಡೆಯಿಂದಲೂ ಹಿಡಿದುಕೊಳ್ಳಬಹುದು ಎಂದು ನಮ್ಮ ಲೆಕ್ಕ. ಆಸ್ಪತ್ರೆ ಬಾಗಿಲಲ್ಲಿ ಇಳಿಸಿದಾಗ ಅವಳ ಮೊಣಕಾಲು ಮಡಿಚಿದ್ದು ಮಡಿಚಿದಂತೆಯೇ ಇತ್ತು. ಐದು ನಿಮಿಷ ಬಾಗಿಲು ಹಿಡಿದು ನಿಂತು, "ಏನ್ ಕಾರೋ ಇದು, ಬಾವಿಗೆ ಇಳಿದಂಗೆ ಇಳೀಬೇಕು, ಬಾವಿಯಿಂದ ಹತ್ತಿದಂಗೆ ಹತ್ತಬೇಕು. ನಿಮ್ಮಪ್ಪನ ಕಾಲದ ಅಂಬಾಸಡರೇ ವಾಸಿ" ಎಂದಳು. ಆಗ ನಾನು ಅದನ್ನು ವಯಸ್ಸಾದವರ ಮಾತು ಎಂದುಕೊಂಡೆ. ಹುಡುಗನ ಪ್ರಶ್ನೆ ಬಂದ ಮೇಲೆ ಅವ್ವನ ಮಾತನ್ನೂ ಸೇರಿಸಿ ಯೋಚಿಸಬೇಕಾಯಿತು.

ಉದ್ದ ಬೇರೆ, ವೀಲ್‌ಬೇಸ್ ಬೇರೆ

ಮುಂದೆ ಇಂಜಿನ್ನಿಗೊಂದು ಪೆಟ್ಟಿಗೆ, ನಡುವೆ ಜನರಿಗೊಂದು, ಹಿಂದೆ ಸಾಮಾನಿಗೊಂದು. ಹೀಗೆ ಮೂರು ಪೆಟ್ಟಿಗೆ ಜೋಡಿಸಿದಂತೆ ಕಾಣುವ ಕಾರಿಗೆ ಸೆಡಾನ್ ಎನ್ನುತ್ತಾರೆ. ಹಿಂದಿನ ಪೆಟ್ಟಿಗೆಗೆ ನಮ್ಮ ಕಡೆ ಡಿಕ್ಕಿ ಎನ್ನುವುದು ರೂಢಿ. ಚಿಕ್ಕ ಸೆಡಾನಿಗೆ ಕಾಂಪ್ಯಾಕ್ಟ್ ಸೆಡಾನ್ ಎಂದೂ, ದೊಡ್ಡದಕ್ಕೆ ಫುಲ್ ಸೈಜ್ ಸೆಡಾನ್ ಎಂದೂ ಹೆಸರು.

ಕಾರಿನ ಉದ್ದವೆಂದರೆ ಮುಂದಿನ ಬಂಪರಿನಿಂದ ಹಿಂದಿನ ಬಂಪರಿನವರೆಗಿನ ಅಳತೆ. ಇದು ನಿಲ್ಲಿಸಲು ಎಷ್ಟು ಜಾಗ ಬೇಕು ಎಂದು ಹೇಳುತ್ತದೆಯೇ ಹೊರತು ಒಳಗೆ ಎಷ್ಟು ಜಾಗವಿದೆ ಎಂದು ಹೇಳುವುದಿಲ್ಲ. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಇರುವ ದೂರಕ್ಕೆ ವೀಲ್‌ಬೇಸ್ ಎಂದು ಹೆಸರು. ಜನ ಕೂರುವುದು ಬಹುಮಟ್ಟಿಗೆ ಈ ಎರಡು ಗಾಲಿಗಳ ನಡುವೆ. ಎತ್ತಿನ ಗಾಡಿಯನ್ನೇ ನೆನೆಯಿರಿ. ಮೂಕಿ ಎಷ್ಟೇ ಉದ್ದವಿರಲಿ, ಹುಲ್ಲು ಹಿಡಿಸುವುದು ಗಾಡಿಯ ಹಾಸು ಇದ್ದಷ್ಟೇ. ಕಾರಿಗೂ ಹಾಗೆಯೇ.

ಅಂಬಾಸಡರ್ ಮತ್ತು ಫಿಯೆಟ್

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅಮೆರಿಕದ ದೊಡ್ಡ ಕಾರುಗಳ ಬಿಡಿಭಾಗಗಳನ್ನು ತಂದು ಇಲ್ಲೇ ಜೋಡಿಸಿ ಮಾರುತ್ತಿದ್ದರು. 1953ರ ಸುಂಕ ಆಯೋಗದ ವರದಿಯ ನಂತರ, ದೇಶದೊಳಗೆ ನಿಜವಾಗಿ ತಯಾರಿಸುವ ಕಂಪನಿಗಳಿಗೆ ಮಾತ್ರ ಅವಕಾಶ ಎಂಬ ನೀತಿ ಬಂತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಹೊರಟುಹೋದವು. ಮುಖ್ಯವಾಗಿ ಉಳಿದವು ಮೂರು ಕಂಪನಿ: ಕಲ್ಕತ್ತೆ ಬಳಿಯ ಉತ್ತರಪಾರಾದ ಹಿಂದೂಸ್ಥಾನ್ ಮೋಟಾರ್ಸ್, ಬೊಂಬಾಯಿಯ ಪ್ರೀಮಿಯರ್ ಆಟೋಮೊಬೈಲ್ಸ್, ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್.

ಹಿಂದೂಸ್ಥಾನ್ ಮೋಟಾರ್ಸ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿ ತೆಗೆದುಕೊಂಡು 1950ರ ದಶಕದ ಕೊನೆಯಲ್ಲಿ ಅಂಬಾಸಡರ್ ಹೊರತಂದಿತು. 2014ರ ಮೇ ತಿಂಗಳಲ್ಲಿ ತಯಾರಿಕೆ ನಿಲ್ಲುವವರೆಗೂ ಅದರ ಮೈಕಟ್ಟು ಹೆಚ್ಚು ಬದಲಾಗಲಿಲ್ಲ. ಪ್ರೀಮಿಯರ್‌ನವರು ಇಟಲಿಯ ಫಿಯೆಟ್ 1100 ಕಾರನ್ನು ತಯಾರಿಸಿದರು. 1970ರ ದಶಕದಲ್ಲಿ ಅದಕ್ಕೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಿಟ್ಟರು. ಜನ ಮಾತ್ರ ಕೊನೆಯವರೆಗೂ ಫಿಯೆಟ್ ಎಂದೇ ಕರೆದರು.

ಅಂಬಾಸಡರ್ ಉದ್ದ ಸುಮಾರು 4.32 ಮೀಟರ್, ಫಿಯೆಟ್ ಸುಮಾರು 3.93 ಮೀಟರ್. ಅಂಬಾಸಡರ್ ಅಗಲ ಸುಮಾರು 1.66 ಮೀಟರ್, ಫಿಯೆಟ್ ಸುಮಾರು 1.46 ಮೀಟರ್. ಅಗಲದಲ್ಲಿನ ಈ ಒಂದು ಗೇಣು ವ್ಯತ್ಯಾಸವೇ ಎರಡೂ ಕಾರುಗಳ ಹಣೆಬರಹ ಬರೆಯಿತು. ಫಿಯೆಟ್ ಸ್ವಂತವಾಗಿ ಓಡಿಸಿಕೊಳ್ಳುವ ಡಾಕ್ಟರು, ವಕೀಲರ ಮನೆಯ ಕಾರಾಯಿತು. ಡ್ರೈವರ್ ಇಟ್ಟುಕೊಂಡು ಹಿಂದೆ ಕೂರುವ ಕಲೆಕ್ಟರು, ಮಂತ್ರಿಗಳಿಗೆ ಅಂಬಾಸಡರ್. ಬೊಂಬಾಯಿಯ ಕಿಕ್ಕಿರಿದ ಬೀದಿಗಳಿಗೆ ಚಿಕ್ಕ ಫಿಯೆಟ್ ಟ್ಯಾಕ್ಸಿ ಹೊಂದಿತು. ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ ಮುಗಿದದ್ದು 2023ರ ಅಕ್ಟೋಬರಿನಲ್ಲಿ. ಕಲ್ಕತ್ತೆಯ ರಸ್ತೆಗೂ ನಮ್ಮಂಥ ಊರುಗಳ ಮದುವೆ ದಿಬ್ಬಣಕ್ಕೂ ಅಂಬಾಸಡರ್ ಹೊಂದಿತು.

ಆ ಕಾಲದ ಎರಡೂ ಕಾರುಗಳಲ್ಲಿ ಮುಂದಿನ ಸೀಟು ಬೆಂಚಿನಂತೆ ಒಂದೇ ಹಾಸಾಗಿತ್ತು. ಗೇರಿನ ಕಡ್ಡಿ ಸ್ಟೀರಿಂಗ್ ಕೆಳಗೆ ಇದ್ದದ್ದರಿಂದ ನಡುವೆ ಅಡ್ಡ ಏನೂ ಇರಲಿಲ್ಲ. ಡ್ರೈವರ್ ಪಕ್ಕ ಇಬ್ಬರು, ಹಿಂದೆ ನಾಲ್ವರು, ತೊಡೆಯ ಮೇಲೆ ಮಕ್ಕಳು. ಅಂಬಾಸಡರಿನಲ್ಲಿ ಎಷ್ಟು ಜನ ಹಿಡಿಸುತ್ತಾರೆ ಎಂದು ಕೇಳಿದರೆ "ಬಾಗಿಲು ಹಾಕೋಕೆ ಬಂದ್ರೆ ಇನ್ನೊಬ್ರು ಹಿಡಿಸ್ತಾರೆ" ಎನ್ನುವುದು ನಮ್ಮ ಹಿರಿಯರ ಲೆಕ್ಕವಾಗಿತ್ತು.

ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ 1961ರಲ್ಲಿ ಬಂದಾಗ ಅದಕ್ಕೆ ಎರಡೇ ಬಾಗಿಲು. ಹಿಂದೆ ಕೂರಬೇಕಾದರೆ ಮುಂದಿನ ಸೀಟು ಬಗ್ಗಿಸಿ ನುಸುಳಬೇಕು. ಇಂಗ್ಲೆಂಡಿನಲ್ಲಿ ಗಂಡ ಹೆಂಡತಿ ಮುಂದೆ ಕೂತು ಹೋಗುವಾಗ ಅದು ನಡೆದೀತು. ಸೀರೆ ಉಟ್ಟ ಅಜ್ಜಿ, ಪಂಚೆ ಉಟ್ಟ ತಾತ ಹಿಂದೆ ಕೂರುವ ದೇಶದಲ್ಲಿ ನಡೆಯುತ್ತದೆಯೇ? ಮುಂದೆ ಇಲ್ಲಿಯೇ ನಾಲ್ಕು ಬಾಗಿಲಿನ ಹೆರಾಲ್ಡ್ ಮಾಡಬೇಕಾಯಿತು. ಹಿಂದಿನ ಸೀಟಿನವರನ್ನು ಮರೆತರೆ ನಮ್ಮ ದೇಶದಲ್ಲಿ ಕಾರು ಮಾರುವುದು ಕಷ್ಟ.

ಒಂದು ಯುದ್ಧ, ಒಂದು ಉಪಾಯ

ಈಗ ಹುಡುಗನ ಪ್ರಶ್ನೆಯ ಬುಡಕ್ಕೆ ಬರೋಣ. ಚಿಕ್ಕ ಕಾರಿನಲ್ಲಿ ದೊಡ್ಡ ಜಾಗ ಮಾಡುವ ಉಪಾಯ ಎಲ್ಲಿಂದ ಬಂತು?

1956ರಲ್ಲಿ ಈಜಿಪ್ಟ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿತು. ಯುದ್ಧವಾಯಿತು, ಕಾಲುವೆ ಮುಚ್ಚಿತು. ಇಂಗ್ಲೆಂಡಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಕಡಿಮೆ ಪೆಟ್ರೋಲ್ ಕುಡಿಯುವ, ಆದರೂ ನಾಲ್ಕು ಜನ ಕೂರುವ ಪುಟ್ಟ ಕಾರು ಬೇಕು ಎಂದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ತನ್ನ ವಿನ್ಯಾಸಕ ಅಲೆಕ್ ಇಸ್ಸಿಗೋನಿಸ್‌ಗೆ ಹೇಳಿತು. ಹಿಂದೂಸ್ಥಾನ್ ಮೋಟಾರ್ಸ್ ತನ್ನ ಮೊದಲ ವರ್ಷಗಳಲ್ಲಿ ಬೇಬಿ ಹಿಂದೂಸ್ಥಾನ್ ಎಂಬ ಹೆಸರಿನಲ್ಲಿ ತಯಾರಿಸಿದ ಮಾರಿಸ್ ಮೈನರ್ ಕಾರನ್ನು ವಿನ್ಯಾಸ ಮಾಡಿದವರು ಇವರೇ.

ಆಗಿನ ಸಾಮಾನ್ಯ ಕಾರುಗಳಲ್ಲಿ ಇಂಜಿನ್ ಉದ್ದುದ್ದ ಕೂರುತ್ತಿತ್ತು. ಅದರ ಹಿಂದೆ ಗೇರ್ ಬಾಕ್ಸ್. ಅಲ್ಲಿಂದ ಹಿಂದಿನ ಗಾಲಿಯವರೆಗೆ ಕಾರಿನ ಹೊಟ್ಟೆಯ ಕೆಳಗೆ ತಿರುಗುವ ಉದ್ದನೆಯ ಶಾಫ್ಟು. ಆ ಶಾಫ್ಟಿಗೆ ದಾರಿ ಬಿಡಲು ಕಾರಿನ ನೆಲದ ನಡುವೆ ದಿಬ್ಬ ಎದ್ದಿರುತ್ತಿತ್ತು. ಅಂಬಾಸಡರ್, ಫಿಯೆಟ್ ಎರಡೂ ಇದೇ ಜಾತಿ. ಇಸ್ಸಿಗೋನಿಸ್ ಇಂಜಿನ್ನನ್ನು ಅಡ್ಡಡ್ಡ ತಿರುಗಿಸಿ ಇಟ್ಟರು. ಗೇರುಗಳನ್ನು ಇಂಜಿನ್ನಿನ ಕೆಳಗೇ ಸೇರಿಸಿದರು. ಮುಂದಿನ ಗಾಲಿಗಳೇ ಕಾರನ್ನು ಎಳೆಯುವಂತೆ ಮಾಡಿದರು. ಹಿಂದಕ್ಕೆ ಹೋಗುವ ಶಾಫ್ಟೇ ಬೇಡವಾಯಿತು. 1959ರಲ್ಲಿ ಬಂದ ಆ ಮಿನಿ ಕಾರಿನ ಉದ್ದ ಬರೀ 10 ಅಡಿ. ಆದರೂ ಅದರ ನೆಲದ ಸುಮಾರು ಶೇ. 80 ಭಾಗ ಜನರಿಗೆ ಮತ್ತು ಸಾಮಾನಿಗೆ ಸಿಕ್ಕಿತು.

ಇಂಜಿನ್ ತಿರುಗಿಸಿ ಇಡುವ ಈ ಉಪಾಯ ನಿಧಾನವಾಗಿ ಲೋಕವನ್ನೆಲ್ಲ ಸುತ್ತಿತು. 1983ರ ಡಿಸೆಂಬರಿನಲ್ಲಿ ನಮ್ಮ ದೇಶಕ್ಕೆ ಬಂದ ಮಾರುತಿ 800ರಲ್ಲೂ ಇಂಜಿನ್ ಅಡ್ಡಡ್ಡವೇ, ಎಳೆಯುವುದು ಮುಂದಿನ ಗಾಲಿಯೇ.

ಅಮೆರಿಕದಲ್ಲಿ ಇದೇ ಪಾಠ ಬೇರೆ ರೀತಿ ಆಯಿತು. ಅಲ್ಲಿ ದೊಡ್ಡ ಕಾರೆಂದರೆ ಐದೂವರೆ ಮೀಟರಿಗೂ ಉದ್ದ. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆದಾಗ ಆ ಉದ್ದವೇ ಭಾರವಾಯಿತು. 1977ರ ಮಾದರಿಗೆ ಜನರಲ್ ಮೋಟಾರ್ಸ್ ತನ್ನ ಷೆವರ್ಲೆ ದೊಡ್ಡ ಕಾರನ್ನು ಮುಕ್ಕಾಲು ಅಡಿಗೂ ಹೆಚ್ಚು ಮೊಟಕು ಮಾಡಿತು, ನೂರಾರು ಕಿಲೋ ತೂಕ ಇಳಿಸಿತು. ಇಷ್ಟಾದರೂ ತಲೆಯ ಮೇಲಿನ ಜಾಗ, ಹಿಂದಿನವರ ಕಾಲಿನ ಜಾಗ, ಡಿಕ್ಕಿ ಮೂರೂ ಹಳೆಯದಕ್ಕಿಂತ ಹೆಚ್ಚಾದವು. ಅಂದರೆ ಅದುವರೆಗೆ ಆ ಉದ್ದದಲ್ಲಿ ಬಹುಪಾಲು ಬರೀ ಠೀವಿಗಾಗಿ ಇತ್ತು!

ಆ ದಶಕದ ಕೊನೆಗೆ ಅಮೆರಿಕ ಸರ್ಕಾರದ ಪರಿಸರ ಇಲಾಖೆ ಕಾರುಗಳನ್ನು ಹೊರ ಉದ್ದದ ಮೇಲಲ್ಲ, ಒಳಗಿನ ಘನ ಅಳತೆಯ ಮೇಲೆ ವಿಂಗಡಿಸತೊಡಗಿತು. ಜನ ಕೂರುವ ಜಾಗ ಮತ್ತು ಡಿಕ್ಕಿ ಎರಡೂ ಸೇರಿ 100ರಿಂದ 110 ಘನ ಅಡಿಯೊಳಗೆ ಇದ್ದರೆ ಕಾಂಪ್ಯಾಕ್ಟ್, 110ರಿಂದ 120ರೊಳಗೆ ಮಧ್ಯಮ, 120 ಅಥವಾ ಹೆಚ್ಚಿದ್ದರೆ ದೊಡ್ಡದು. ಲೀಟರಿನಲ್ಲಿ ಹೇಳುವುದಾದರೆ ಒಂದು ಘನ ಅಡಿ ಎಂದರೆ ಸುಮಾರು 28.3 ಲೀಟರ್. ನಮ್ಮ ಎಂಟನೇ ತರಗತಿಯ ಘನಫಲದ ಲೆಕ್ಕವೇ ಅಲ್ಲಿ ಸರ್ಕಾರದ ನಿಯಮ.

ನಾಲ್ಕು ಮೀಟರಿನ ಗೆರೆ

ನಮ್ಮ ಸರ್ಕಾರ ಮಾತ್ರ ಹೊರ ಉದ್ದವನ್ನೇ ಹಿಡಿಯಿತು. 2006ರ ಕೇಂದ್ರ ಬಜೆಟ್‌ನಲ್ಲಿ ಚಿಕ್ಕ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಿದರು. ಚಿಕ್ಕ ಕಾರೆಂದರೆ ಯಾವುದು? ಉದ್ದ 4000 ಮಿಲಿಮೀಟರ್ ಮೀರಬಾರದು. ಪೆಟ್ರೋಲ್ ಇಂಜಿನ್ ಆದರೆ 1200 ಸಿ.ಸಿ., ಡೀಸೆಲ್ ಆದರೆ 1500 ಸಿ.ಸಿ. ಮೀರಬಾರದು. ಈ ನಾಲ್ಕು ಮೀಟರಿನ ಗೆರೆ ನಮ್ಮ ದೇಶದ ಸೆಡಾನ್ ಕಾರಿನ ಬೆನ್ನನ್ನೇ ಕತ್ತರಿಸಿತು ಎನ್ನಬಹುದು.

2008ರಲ್ಲಿ ಟಾಟಾದವರು ಇಂಡಿಗೋ ಕಾರಿನ ಡಿಕ್ಕಿ ಮೊಟಕು ಮಾಡಿ ನಾಲ್ಕು ಮೀಟರಿನೊಳಗೆ ಇಂಡಿಗೋ ಸಿ.ಎಸ್. ತಂದರು. ಅದೇ ವರ್ಷ ಬಂದ ಮಾರುತಿ ಸ್ವಿಫ್ಟ್ ಡಿಜೈರ್ ಉದ್ದ 4.16 ಮೀಟರ್, ಡಿಕ್ಕಿ 440 ಲೀಟರ್. 2012ರಲ್ಲಿ ಅದನ್ನು ಗೆರೆಯೊಳಗೆ ತರಲು 3.995 ಮೀಟರಿಗೆ ಇಳಿಸಿದರು. ಡಿಕ್ಕಿ 316 ಲೀಟರಿಗೆ ಬಿತ್ತು. ಆದರೆ ವೀಲ್‌ಬೇಸ್ 2.39ರಿಂದ 2.43 ಮೀಟರಿಗೆ ಏರಿತು. 2017ರ ಡಿಜೈರ್‌ನಲ್ಲಿ ವೀಲ್‌ಬೇಸ್ 2.45 ಮೀಟರ್, ಡಿಕ್ಕಿ 378 ಲೀಟರ್, ಉದ್ದ ಮಾತ್ರ ಅದೇ 3.995. ಹೋಂಡಾ ಅಮೇಜ್, ಹ್ಯುಂಡೈ ಎಕ್ಸೆಂಟ್ ಮೊದಲಾದವೂ ಇದೇ ದಾರಿ ಹಿಡಿದವು.

ಹುಡುಗನಿಗೆ ಉತ್ತರ ಸಿಕ್ಕಿದ್ದು ಇಲ್ಲಿ. ಅವರಪ್ಪನ ಹಳೆಯದು ಮೊದಲ ಡಿಜೈರ್, ಈಗಿನದು 2017ರ ನಂತರದ್ದು. ಕಾರು ಗಿಡ್ಡವಾಯಿತು, ಗಾಲಿಗಳ ನಡುವಿನ ದೂರ ಹೆಚ್ಚಾಯಿತು. ಕಾಲಿಗೆ ಜಾಗ ಸಿಕ್ಕಿತು, ಡಿಕ್ಕಿಯಲ್ಲಿ ಹೋಯಿತು.

ಕೆಲವು ಕಾರುಗಳ ಅಳತೆಯನ್ನು (ಮೀಟರಿನಲ್ಲಿ, ಸರಿಸುಮಾರು) ಪಕ್ಕಪಕ್ಕ ಇಟ್ಟು ನೋಡೋಣ:

ಪ್ರೀಮಿಯರ್ ಪದ್ಮಿನಿ: ಉದ್ದ 3.93, ವೀಲ್‌ಬೇಸ್ 2.34
ಅಂಬಾಸಡರ್: ಉದ್ದ 4.32, ವೀಲ್‌ಬೇಸ್ 2.46
ಕಾಂಟೆಸ್ಸಾ: ಉದ್ದ 4.59, ವೀಲ್‌ಬೇಸ್ 2.67
ಮಾರುತಿ ಎಸ್ಟೀಮ್: ಉದ್ದ 4.10, ವೀಲ್‌ಬೇಸ್ 2.37
ಡಿಜೈರ್ (2017): ಉದ್ದ 3.995, ವೀಲ್‌ಬೇಸ್ 2.45
ಟೊಯೊಟಾ ಇಟಿಯೋಸ್: ಉದ್ದ 4.27, ವೀಲ್‌ಬೇಸ್ 2.55
ಹೋಂಡಾ ಸಿಟಿ (2020): ಉದ್ದ 4.55, ವೀಲ್‌ಬೇಸ್ 2.60
ಟೊಯೊಟಾ ಕ್ಯಾಮ್ರಿ (2019): ಉದ್ದ 4.885, ವೀಲ್‌ಬೇಸ್ 2.825

ವೀಲ್‌ಬೇಸನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿ. ಅಂಬಾಸಡರಿಗೆ ಸುಮಾರು ಶೇ. 57, ಕ್ಯಾಮ್ರಿಗೆ ಸುಮಾರು ಶೇ. 58, 2017ರ ಡಿಜೈರ್‌ಗೆ ಶೇ. 61. ಅಂಬಾಸಡರಿಗಿಂತ ಒಂದು ಅಡಿಗೂ ಹೆಚ್ಚು ಗಿಡ್ಡವಾದ ಕಾರಿನ ವೀಲ್‌ಬೇಸ್ ಹೆಚ್ಚುಕಡಿಮೆ ಅಂಬಾಸಡರಿನಷ್ಟೇ ಇದೆ! ಶೇಕಡಾ ಲೆಕ್ಕದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಬಿಡದಿಯ ಎರಡು ಕಾರು

ಬೆಂಗಳೂರು ಮೈಸೂರು ರಸ್ತೆಯ ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಇದೆ. ಚಿಕ್ಕದು, ದೊಡ್ಡದು ಎರಡೂ ಬಗೆಯ ಸೆಡಾನ್‌ಗಳನ್ನು ಒಂದೇ ಊರಿನಲ್ಲಿ ಮಾಡಿದ ಕಾರಣ ಹೋಲಿಕೆಗೆ ಅನುಕೂಲ. 2010ರ ಡಿಸೆಂಬರಿನಲ್ಲಿ ಬಂದ ಇಟಿಯೋಸ್ ಅನ್ನು ಮುಖ್ಯವಾಗಿ ಭಾರತಕ್ಕೆಂದೇ ವಿನ್ಯಾಸ ಮಾಡಿದ್ದರು. ಹಿಂದಿನ ನೆಲವನ್ನು ಹೆಚ್ಚುಕಡಿಮೆ ಸಮತಟ್ಟಾಗಿ ಇಟ್ಟರು, ಡಿಕ್ಕಿಗೆ 595 ಲೀಟರ್ ಕೊಟ್ಟರು. ನಾಲ್ಕು ಮೀಟರ್ ಗೆರೆಗೆ ತಲೆ ಕೆಡಿಸಿಕೊಳ್ಳದೆ ಉದ್ದ ಬಿಟ್ಟಿದ್ದರಿಂದ ಇದು ಸಾಧ್ಯವಾಯಿತು. ತಯಾರಿಕೆ ನಿಂತ 2020ರವರೆಗೂ ಟ್ಯಾಕ್ಸಿಯವರ ಮೆಚ್ಚಿನ ಕಾರಾಗಿತ್ತು. ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗಿಬರುವ ಎಷ್ಟೋ ಜನ ಅದರ ಹಿಂದಿನ ಸೀಟಿನಲ್ಲಿ ಮೂವರು ಕೂತು ಬಂದಿದ್ದಾರೆ.

ದೊಡ್ಡದು ಕ್ಯಾಮ್ರಿ. 1.84 ಮೀಟರ್ ಅಗಲ, 2.825 ಮೀಟರ್ ವೀಲ್‌ಬೇಸ್. ಹಿಂದೆ ಕೂತು ಕಾಲ ಮೇಲೆ ಕಾಲು ಹಾಕಿಕೊಳ್ಳಬಹುದು. ಆದರೆ ಇದರ ಎತ್ತರ 1.455 ಮೀಟರ್ ಮಾತ್ರ. ಇಟಿಯೋಸ್ 1.51 ಮೀಟರ್. ಅಂಬಾಸಡರ್ ಸುಮಾರು 1.6 ಮೀಟರ್. ಬೆಲೆ ಏರಿದಂತೆ ಸೆಡಾನ್ ನೆಲಕ್ಕೆ ಹತ್ತಿರವಾಗುತ್ತದೆ! ವೇಗದಲ್ಲಿ ಗಾಳಿಯನ್ನು ಸೀಳಿಕೊಂಡು ಹೋಗಲು, ತಿರುವಿನಲ್ಲಿ ವಾಲದಿರಲು ಅದು ತಗ್ಗಾಗಿರಬೇಕು. ತಗ್ಗು ಕಾರಿಗೆ ತಗ್ಗು ಸೀಟು.

ಅವ್ವ ಹೇಳಿದ ಬಾವಿಯ ಮಾತು ನೆನಪಾಯಿತೆ? ಅಂಬಾಸಡರಿನ ಸೀಟು ಕುರ್ಚಿಯಂತೆ ಎತ್ತರದಲ್ಲಿತ್ತು. ಪಕ್ಕಕ್ಕೆ ತಿರುಗಿ ಕೂತು ಕಾಲು ಒಳಗೆಳೆದುಕೊಂಡರೆ ಆಯಿತು. ತಗ್ಗು ಕಾರಿಗೆ ಹಾಗಲ್ಲ, ಮೊಣಕಾಲು ಪೂರ್ತಿ ಮಡಿಚಿ, ಸೊಂಟ ಇಳಿಸಿ, ತಲೆ ಬಗ್ಗಿಸಿ ಹೋಗಬೇಕು. ಒಳಗಿನ ಜಾಗ ಎಂಬುದು ಕೂತ ಮೇಲಿನ ಮಾತು. ಕೂರುವುದು ಏಳುವುದು ಬೇರೆಯೇ ಮಾತು.

ಸೀಟಿನ ಸುಖ ಎಂದರೇನು?

ಜಾಗ ಇದ್ದ ಮಾತ್ರಕ್ಕೆ ಸುಖ ಬರುವುದಿಲ್ಲ. ನಮ್ಮ ಶಾಲೆಯ ಬೆಂಚಿನ ಮೇಲೂ ಜಾಗ ಇರುತ್ತದೆ, ಆದರೂ ಕೊನೆಯ ಪೀರಿಯಡ್ಡಿನ ಹೊತ್ತಿಗೆ ಮಕ್ಕಳು ಮಗ್ಗುಲು ಬದಲಿಸುತ್ತಾರೆ. ಕಾರಿನ ಸೀಟಿನಲ್ಲಿ ನಾಲ್ಕು ವಿಷಯ ನೋಡಬೇಕು.

ಒಂದು, ತೊಡೆಗೆ ಆಸರೆ. ಸೀಟು ತೀರಾ ತಗ್ಗಾಗಿದ್ದರೆ ಮೊಣಕಾಲು ಮೇಲೆದ್ದು ತೊಡೆ ಗಾಳಿಯಲ್ಲಿ ನಿಲ್ಲುತ್ತದೆ. ಮೈ ಭಾರವೆಲ್ಲ ಕುಂಡೆಯ ಮೇಲೆ ಬಿದ್ದು ತಾಸಿನೊಳಗೆ ನೋವು. ಚಿಕ್ಕ ಕಾರಿನಲ್ಲಿ ಕಾಲಿನ ಜಾಗ ಹೆಚ್ಚು ತೋರಿಸಲು ಸೀಟಿನ ಹಾಸನ್ನು ಮೊಟಕು ಮಾಡುವುದುಂಟು. ಆಗ ಮೊಣಕಾಲಿನ ಮುಂದೆ ಜಾಗ ಕಂಡರೂ ತೊಡೆಯ ಕೆಳಗೆ ಆಸರೆ ಇರುವುದಿಲ್ಲ.

ಎರಡು, ಬೆನ್ನಿನ ವಾಲು. ತೀರಾ ನೆಟ್ಟಗಿದ್ದರೆ ತೂಕಡಿಸುವಾಗ ತಲೆ ಮುಂದೆ ಬೀಳುತ್ತದೆ. ವಾಲಿಸಬೇಕೆಂದರೆ ಹಿಂದೆ ಜಾಗ ಬೇಕು. ದೊಡ್ಡ ಸೆಡಾನ್ ನಿಜವಾಗಿ ಗೆಲ್ಲುವುದು ಇಲ್ಲಿ.

ಮೂರು, ಮೆತ್ತೆ. ಹಳೆಯ ಕಾರುಗಳಲ್ಲಿ ಉಕ್ಕಿನ ಸ್ಪ್ರಿಂಗಿನ ಮೇಲೆ ಮೆತ್ತೆ ಹಾಸುತ್ತಿದ್ದರು. ಕೂತರೆ ಸೋಫಾದಂತೆ ಕೆಳಗಿಳಿಯುತ್ತಿತ್ತು, ಗುಂಡಿ ಬಂದರೆ ಚೆಂಡಿನಂತೆ ಪುಟಿಸುತ್ತಿತ್ತು. ಈಗಿನದು ಅಚ್ಚಿನಲ್ಲಿ ಹೊಯ್ದ ಫೋಮ್. ಮುಟ್ಟಿದಾಗ ಗಟ್ಟಿ ಎನಿಸುವ ಸೀಟೇ ದೂರದ ದಾರಿಗೆ ಒಳ್ಳೆಯದು, ಏಕೆಂದರೆ ಅದು ಬೆನ್ನನ್ನು ಹಿಡಿದಿಡುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಕೂತು ಮೆತ್ತಗಿದೆ ಎಂದು ಮೆಚ್ಚುವುದು ಮೋಸ ಹೋಗುವ ದಾರಿ.

ನಾಲ್ಕು, ಮಧ್ಯದವರ ಪಾಡು. ದೊಡ್ಡವರೊಬ್ಬರ ಭುಜದಿಂದ ಭುಜಕ್ಕೆ ಸುಮಾರು 45 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಮೂವರಿಗೆ 135. ಕಾರಿನ ಹೊರ ಅಗಲ 170 ಸೆಂಟಿಮೀಟರ್ ಇದ್ದರೂ ಎರಡು ಬಾಗಿಲುಗಳ ದಪ್ಪ ಕಳೆಯಬೇಕು. ಅಪಘಾತದಲ್ಲಿ ಪಕ್ಕದ ಪೆಟ್ಟು ತಡೆಯಲು ಈಗ ಬಾಗಿಲೊಳಗೆ ಉಕ್ಕಿನ ಅಡ್ಡಪಟ್ಟಿ ಇರುವುದರಿಂದ ಆ ದಪ್ಪ ಹಳೆಯ ಕಾರಿಗಿಂತ ಹೆಚ್ಚು. ಹೀಗಾಗಿ ಚಿಕ್ಕ ಸೆಡಾನಿನಲ್ಲಿ ಮೂರನೆಯವರು ಬಂದ ಕೂಡಲೇ ಮೂವರ ಭುಜವೂ ಓರೆಯಾಗುತ್ತದೆ. ಮಧ್ಯದವರ ಬೆನ್ನಿಗೆ ಸಿಗುವುದು ಎರಡು ಸೀಟುಗಳ ನಡುವಿನ ಉಬ್ಬು, ಕಾಲಿಗೆ ಸಿಗುವುದು ನೆಲದ ದಿಬ್ಬ.

ಇನ್ನೊಂದು ಮಾತು. ಹಿಂದೆ ಕೂತವರೂ ಬೆಲ್ಟ್ ಹಾಕಲೇಬೇಕು, ಇದು ಕಾನೂನು. 2019ರ ತಿದ್ದುಪಡಿಯ ನಂತರ ಹಾಕದಿದ್ದರೆ 1000 ರೂಪಾಯಿ ದಂಡ. ಹಿಂದೆ ನಾಲ್ವರು ಕೂತರೆ ಬೆಲ್ಟು ಮೂರೇ. ಅಂಬಾಸಡರ್ ಕಾಲದ "ಇನ್ನೊಬ್ರು ಹಿಡಿಸ್ತಾರೆ" ಲೆಕ್ಕವನ್ನು ನಾವು ಬಿಡಬೇಕು.

ಮಧ್ಯದಲ್ಲಿ ಕೂರುವವರು ಯಾರು ಎಂದು ಎಂದಾದರೂ ಗಮನಿಸಿದ್ದೀರಾ? ಮನೆಯ ಯಜಮಾನ ಮುಂದೆ. ಗಂಡಸರು ಕಿಟಕಿ ಪಕ್ಕ. ನಡುವೆ ಅವ್ವ, ಅತ್ತೆ, ಇಲ್ಲವೇ ಮನೆಯ ಸೊಸೆ. ಕಾರು ಕೊಳ್ಳುವಾಗ ಅವರನ್ನು ಕೂರಿಸಿ ನೋಡುವವರು ಎಷ್ಟು ಜನ? ನಾನೂ ನೋಡಿದವನಲ್ಲ.

ಪೆನುಕೊಂಡದ ಕಾರ್ಖಾನೆ

ಈ ಚರಿತ್ರೆಯ ಇತ್ತೀಚಿನ ಪುಟ ನಮ್ಮ ಪಕ್ಕದಲ್ಲೇ ಬರೆಯಲಾಗುತ್ತಿದೆ. ವಿಜಯನಗರದ ಅರಸರು ಆಳಿದ ಪೆನುಕೊಂಡದ ಬಳಿ 2019ರಲ್ಲಿ ಕಿಯಾ ಕಾರ್ಖಾನೆ ಸೆಲ್ಟೋಸ್ ತಯಾರಿಸಲು ಶುರುಮಾಡಿತು. ಮುಂದೆ ಸೋನೆಟ್, ಕ್ಯಾರೆನ್ಸ್ ಬಂದವು. ಇವು ಯಾವುವೂ ಸೆಡಾನ್ ಅಲ್ಲ. ನೆಲದಿಂದ ಎತ್ತರ, ಸೀಟೂ ಎತ್ತರ, ಡಿಕ್ಕಿ ಬೇರೆ ಪೆಟ್ಟಿಗೆಯಾಗಿ ಹಿಂದೆ ಚಾಚಿಲ್ಲ. ದೇಶದ ಜನ ಸೆಡಾನ್ ಬಿಟ್ಟು ಇಂಥ ಎತ್ತರದ ಕಾರುಗಳ ಕಡೆ ತಿರುಗಲು ಕೆಟ್ಟ ರಸ್ತೆ ಒಂದು ಕಾರಣ, ಹತ್ತಿ ಇಳಿಯುವ ಸುಲಭ ಇನ್ನೊಂದು. ಅಂದರೆ ಅರವತ್ತು ವರ್ಷ ಸುತ್ತಿ ಜನ ಮತ್ತೆ ಅಂಬಾಸಡರಿನ ಎತ್ತರದ ಸೀಟಿಗೇ ಬಂದರು. ಅವ್ವ ಹೇಳಿದ್ದನ್ನೇ ಕಂಪನಿಗಳೂ ಒಪ್ಪಿದವು ಎಂದರೆ ತಪ್ಪಿಲ್ಲ.

ನಾಲ್ಕು ಮೀಟರಿನ ಗೆರೆ ಮಾತ್ರ ಅಳಿಸಿಲ್ಲ. 2017ರಲ್ಲಿ ಜಿ.ಎಸ್.ಟಿ. ಬಂದಾಗಲೂ ಉಳಿಯಿತು. 2025ರ ಸೆಪ್ಟೆಂಬರ್ 22ರಿಂದ ಅದರೊಳಗಿನ ಚಿಕ್ಕ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ. 18 ತೆರಿಗೆ, ಹೊರಗಿನವಕ್ಕೆ ಶೇ. 40. ಐದು ಮಿಲಿಮೀಟರ್ ಹೆಚ್ಚಾದರೆ ಲಕ್ಷಗಟ್ಟಲೆ ವ್ಯತ್ಯಾಸ. 3.995 ಎಂಬ ಅಂಕಿ ಅಷ್ಟು ಕಾರುಗಳಲ್ಲಿ ಏಕೆ ಮತ್ತೆ ಮತ್ತೆ ಬರುತ್ತದೆ ಎಂದು ಈಗ ತಿಳಿಯಿತಲ್ಲವೇ?

ಕೊನೆಯ ಮಾತು

ಎರಡು ವಾರದ ನಂತರ ಹುಡುಗನಿಗೆ ಉತ್ತರ ಹೇಳಿದೆ. ಅಷ್ಟಕ್ಕೇ ಬಿಡಲಿಲ್ಲ. ಟೈಲರ್ ಟೇಪು ಕೊಟ್ಟು, ಊರಲ್ಲಿ ಕಂಡ ಕಾರಿನ ಮಾಲೀಕರನ್ನು ಕೇಳಿ ಆರು ಅಳತೆ ತರಲು ಮಕ್ಕಳಿಗೆ ಹೇಳಿದೆ: ಹೊರ ಉದ್ದ, ವೀಲ್‌ಬೇಸ್, ಹಿಂದಿನ ಸೀಟಿನಲ್ಲಿ ಭುಜದ ಮಟ್ಟದ ಒಳ ಅಗಲ, ಮುಂದಿನ ಸೀಟಿನ ಬೆನ್ನಿನಿಂದ ಹಿಂದಿನ ಸೀಟಿನ ಬೆನ್ನಿಗೆ ದೂರ, ಸೀಟಿನ ಹಾಸಿನ ಉದ್ದ, ನೆಲದಿಂದ ಸೀಟಿನ ಎತ್ತರ. ನೀವೂ ನಿಮ್ಮ ಶಾಲೆಯಲ್ಲಿ ಮಾಡಿಸಿ ನೋಡಿ. ಉದ್ದ, ಅಗಲ, ಶೇಕಡಾ, ಘನಫಲ ಎಲ್ಲವೂ ಒಂದೇ ಪಾಠದಲ್ಲಿ ಬರುತ್ತದೆ.

ಇದನ್ನು ಇಷ್ಟು ಉದ್ದ ಬರೆಯಲು ಇನ್ನೊಂದು ಕಾರಣವಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಕಾರ್ಖಾನೆಯ ಕೆಲಸಕ್ಕೆ, ಐ.ಟಿ.ಐ.ಗೆ ಹೋದಾಗ ಇದೆಲ್ಲ ತಮಗೆ ಸಂಬಂಧಪಡದ ವಿದ್ಯೆ ಎಂದು ಹಿಂಜರಿಯುತ್ತಾರೆ. ಹಾಗೇನಿಲ್ಲ. ಹಿಂದಿನ ಬೆಂಚಿನ ಹುಡುಗ ನಮ್ಮೂರ ಕನ್ನಡದಲ್ಲಿ ಕೇಳಿದ್ದು ಇಸ್ಸಿಗೋನಿಸ್ ಕೇಳಿಕೊಂಡ ಪ್ರಶ್ನೆಯನ್ನೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಹಾಸಿಗೆ ಎಷ್ಟಿದೆ ಎಂದು ಅಳೆದು ನೋಡುವುದು ನಮ್ಮ ಕೆಲಸ. ಮೊನ್ನೆ ಅವ್ವನನ್ನು ಮತ್ತೆ ಬೆಂಗಳೂರಿಗೆ ಕರೆದೊಯ್ಯಬೇಕಾಯಿತು. ಕಾರು ಚಿಕ್ಕದೇ ಸಿಕ್ಕಿತು. ಈ ಸಲ ಅವಳನ್ನು ಮುಂದೆ ಕೂರಿಸಿ, ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಕೆಳಗೆ ಒಂದು ದಪ್ಪ ದಿಂಬು ಹಾಕಿದೆ. ಆಸ್ಪತ್ರೆ ಬಾಗಿಲಲ್ಲಿ ಯಾರ ಕೈಯನ್ನೂ ಹಿಡಿಯದೆ ಇಳಿದಳು. ಅವಳ ಹಿಂದೆ ಮೊಣಕಾಲು ಮಡಿಚಿ ಕೂತಿದ್ದವನು ನಾನು. ನನಗೆ ಇಳಿಯಲು ಐದು ನಿಮಿಷ ಬೇಕಾಯಿತು.